ಕೋರ್ಟ್ ನಕಲಿಗೆ ಎಷ್ಟು ಕೊಡಬೇಕು? ಯಾವುದು ಫೀಸು, ಯಾವುದು ಮಾಮೂಲು?

ಪಾಂಡವಪುರ: ‘ಕೇಸು ಮುಗೀತಂತೆ, ಜಡ್ಜ್‌ಮೆಂಟ್ ಕಾಪಿ ತೆಗಿಸ್ಬೇಕು, ಎಷ್ಟಾಗುತ್ತಣ್ಣ?’ ಯಾವ ಊರಿನ ಕೋರ್ಟ್ ಮುಂದಿನ ಟೀ ಅಂಗಡಿಯಲ್ಲಾದರೂ ಸರಿ, ಈ ಪ್ರಶ್ನೆ ಕೇಳಿ ನೋಡಿ. ನಾಲ್ಕು ಜನ ನಾಲ್ಕು ರೇಟು ಹೇಳ್ತಾರೆ. ಒಬ್ಬರು ಇನ್ನೂರು ಅಂದರೆ ಇನ್ನೊಬ್ಬರು ಐನೂರು ಅಂತಾರೆ. ಮೂರನೆಯವರು ‘ಅರ್ಜೆಂಟಾದ್ರೆ ಸಾವಿರ ಮಡಿಕ್ಕಳಿ’ ಅಂತಾರೆ. ನಾಲ್ಕನೆಯವರು ‘ನಮ್ಮ ಲಾಯರ್ ಕಡೆಯಿಂದ ಮಾಡ್ಸಿ, ನಿಮಗ್ಯಾಕೆ ತಲೆನೋವು’ ಅಂತ ಮಾತು ಮುಗಿಸ್ತಾರೆ.

ಒಂದೇ ಕಟ್ಟಡದಿಂದ ಬರುವ ಒಂದೇ ಕಾಗದಕ್ಕೆ ನಾಲ್ಕು ಬೆಲೆ ಹೇಗೆ? ಅಂಗಡಿಯಲ್ಲಿ ಸಕ್ಕರೆ ಪ್ಯಾಕೆಟ್ ಮೇಲೆ ಎಂಆರ್‌ಪಿ ಇಲ್ಲದಿದ್ದರೆ ಜಗಳ ಆಡುವ ನಾವು ಕೋರ್ಟ್ ಕಾಗದದ ವಿಷಯ ಬಂದಾಗ ಮಾತ್ರ ಸುಮ್ಮನೆ ಜೇಬಿಗೆ ಕೈ ಹಾಕ್ತೀವಿ. ಕೋರ್ಟಿನ ನಕಲಿಗೂ ಎಂಆರ್‌ಪಿ ಇದೆ. ಅದನ್ನು ಹಾಕೋದು ಹೈಕೋರ್ಟ್ ಮತ್ತು ಸರ್ಕಾರ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕಿನ ಕೋರ್ಟಿಗೂ ಅದೇ ನಿಯಮ. ಆದರೆ ದರಕ್ಕಿಂತ ದೊಡ್ಡ ಪೆಟ್ಟು ಬೀಳೋದು ಇನ್ನೊಂದು ಕಡೆ, ಅಂದರೆ ದಿನದ ಲೆಕ್ಕದಲ್ಲಿ. ಎರಡನ್ನೂ ಇಲ್ಲಿ ಬಿಡಿಸಿ ಹೇಳ್ತೀವಿ.

ಒಬ್ಬ ಅಜ್ಜನ ಕಥೆ

ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟ ಮೇಲೆ ಸ್ವಲ್ಪ ದಿನ ನಾನು ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದೆ. ಅಂಗಡಿ ಇದ್ದದ್ದು ಒಂದು ಕೋರ್ಟಿನ ಎದುರಿಗೆ. ಊರಿನ ಹೆಸರು ಬೇಡ. ಒಂದು ದಿನ ಪಂಚೆ ಉಟ್ಟ ಅಜ್ಜ ಒಬ್ಬರು ಒಂದು ಕಟ್ಟು ಕಾಗದ ತಂದು ‘ಇದನ್ನ ಎರಡು ಸೆಟ್ ಮಾಡಪ್ಪ, ಅಪೀಲು ಹೋಗ್ಬೇಕು’ ಅಂದ್ರು. ತೀರ್ಪಿನ ನಕಲು ಅದು. ‘ತಾತ, ಇದಕ್ಕೆ ಎಷ್ಟು ಕೊಟ್ರಿ?’ ಅಂತ ಸುಮ್ಮನೆ ಕೇಳಿದೆ. ‘ಎರಡು ಸಲ ಐನೂರೈನೂರು’ ಅಂದ್ರು. ಕಾಗದದ ಮೇಲಿದ್ದ ಕೋರ್ಟ್ ಫೀ ಚೀಟಿಗಳನ್ನ ಕೂಡಿದರೆ ನೂರೂ ದಾಟಿರಲಿಲ್ಲ.

ಸಂಕಟ ಅಷ್ಟಕ್ಕೇ ಮುಗೀಲಿಲ್ಲ. ಕೊನೇ ಪುಟದ ಹಿಂದೆ ತಾರೀಖುಗಳಿದ್ದವು. ನಕಲು ರೆಡಿಯಾದ ತಾರೀಖಿಗೂ ಅಜ್ಜನ ಕೈಗೆ ಬಂದ ತಾರೀಖಿಗೂ ಒಂದೂವರೆ ತಿಂಗಳ ಅಂತರ. ‘ಇನ್ನೂ ಆಗಿಲ್ಲ, ಮುಂದಿನ ವಾರ ಬನ್ನಿ’ ಅಂತ ಯಾರೋ ಹೇಳ್ತಾನೇ ಇದ್ರಂತೆ. ಯಾರು ಅಂತ ಕೇಳಿದ್ದಕ್ಕೆ ‘ಆ ಕಡೆ ಇರ್ತಾರಲ್ಲ, ಅವರು’ ಅಂದ್ರು. ಅವರು ಕೋರ್ಟ್ ನೌಕರರೋ, ಹೊರಗಿನ ದಲ್ಲಾಳಿಯೋ ಅಜ್ಜನಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಪೀಲಿನ ಗಡುವು ಮುಗಿದಿತ್ತು. ‘ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಸೋತವನಿಗೆ ಅಪೀಲು ಹೋಗೋ ದಾರಿಯೂ ಮುಚ್ಚಿಹೋದರೆ ಹೇಗಿರುತ್ತೆ ಅಂತ ನಾನು ನೋಡಿದ್ದು ಅವತ್ತು.

ನಕಲು ಅಂದ್ರೆ ಬರೀ ಝೆರಾಕ್ಸ್ ಅಲ್ಲ

ಸರ್ಟಿಫೈಡ್ ಕಾಪಿ, ಅಂದರೆ ದೃಢೀಕೃತ ನಕಲು. ಮೂಲ ಕಾಗದ ಯಾವ ಕಚೇರಿಯ ವಶದಲ್ಲಿದೆಯೋ ಆ ಕಚೇರಿಯ ಅಧಿಕಾರಿಯೇ ‘ಇದು ಮೂಲದ ನಿಜ ಪ್ರತಿ’ ಅಂತ ಕೆಳಗೆ ಬರೆದು, ತಾರೀಖು, ಹೆಸರು, ಹುದ್ದೆ ಹಾಕಿ, ಸಹಿ ಮಾಡಿ, ಸೀಲು ಒತ್ತಿ ಕೊಡೋದು. ಹಿಂದೆ ಇದು 1872ರ ಸಾಕ್ಷ್ಯ ಕಾಯ್ದೆಯ 76ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 75ನೇ ಸೆಕ್ಷನ್ ಆಗಿದೆ. ಆ ಸೆಕ್ಷನ್ನೇ ಹೇಳುತ್ತೆ: ನೋಡುವ ಹಕ್ಕಿರುವ ವ್ಯಕ್ತಿ ಕೇಳಿದರೆ, ಕಾನೂನುಬದ್ಧ ಶುಲ್ಕ ತಗೊಂಡು ನಕಲು ಕೊಡಲೇಬೇಕು. ಇಲ್ಲಿ ‘ಕಾನೂನುಬದ್ಧ ಶುಲ್ಕ’ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಮಾಮೂಲಿಗೆ ಅಲ್ಲಿ ಜಾಗ ಇಲ್ಲ.

ಎಲ್ಲದಕ್ಕೂ ಈ ನಕಲು ಬೇಕಾ? ಬೇಡ. ತೀರ್ಪಲ್ಲಿ ಏನಿದೆ ಅಂತ ಓದಿಕೊಳ್ಳೋಕೆ ಮಾತ್ರ ಆದರೆ ಒಂದು ಪೈಸೆ ಖರ್ಚಿಲ್ಲ. ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಅಥವಾ ಮೊಬೈಲ್ ಆ್ಯಪಲ್ಲಿ ಕೇಸಿನ ಸಿಎನ್ಆರ್ ನಂಬರ್ ಹಾಕಿದರೆ ಕೇಸು ಯಾವ ಹಂತದಲ್ಲಿದೆ, ಮುಂದಿನ ತಾರೀಖು ಯಾವುದು ಅನ್ನೋದು ಬರುತ್ತೆ. ಅಪ್‌ಲೋಡ್ ಆಗಿರೋ ಆದೇಶ, ತೀರ್ಪುಗಳನ್ನೂ ಪುಕ್ಕಟೆ ಇಳಿಸಿಕೊಳ್ಳಬಹುದು. ಸಿಎನ್ಆರ್ ಅಂದ್ರೆ 16 ಅಕ್ಷರ-ಅಂಕಿಗಳ ಗುರುತು, ನಮ್ಮ ರಾಜ್ಯದ್ದು ‘ಕೆ’, ‘ಎ’ ಅನ್ನೋ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತೆ. ನಿಮ್ಮ ವಕೀಲರ ಹತ್ತಿರ ಕೇಳಿ ಒಂದು ಸಲ ಬರೆದಿಟ್ಟುಕೊಂಡರೆ ‘ತಾರೀಖು ಯಾವತ್ತು ಸಾರ್’ ಅಂತ ಫೋನ್ ಮಾಡೋ ಕೆಲಸವೂ ಉಳಿಯುತ್ತೆ.

ಆದರೆ ಆ ಪ್ರಿಂಟ್‌ಔಟ್ ಇಟ್ಟುಕೊಂಡು ಅಪೀಲು ಹಾಕೋಕಾಗಲ್ಲ. ಡಿಕ್ರಿ ಪ್ರಕಾರ ಖಾತೆ ಮಾಡ್ಕೊಡಿ ಅಂತ ತಾಲ್ಲೂಕು ಕಚೇರಿಗೆ ಹೋದರೂ ಸೀಲು ಇರೋ ನಕಲನ್ನೇ ಕೇಳ್ತಾರೆ. ಬ್ಯಾಂಕಿನವರೂ ಅಷ್ಟೇ.

ದರ ಹಾಕೋದು ಯಾರು?

ಸಂವಿಧಾನದ 227ನೇ ವಿಧಿ ಹೈಕೋರ್ಟಿಗೆ ಕೆಳಗಿನ ಎಲ್ಲ ಕೋರ್ಟುಗಳ ಮೇಲ್ವಿಚಾರಣೆ ಕೊಟ್ಟಿದೆ. ಅದೇ ವಿಧಿಯ ಮೂರನೇ ಉಪವಿಧಿ, ಆ ಕೋರ್ಟುಗಳ ಗುಮಾಸ್ತರಿಗೆ, ಅಧಿಕಾರಿಗಳಿಗೆ ಸಲ್ಲಬೇಕಾದ ಶುಲ್ಕದ ಪಟ್ಟಿಯನ್ನೂ ಹೈಕೋರ್ಟೇ ಗೊತ್ತುಮಾಡಬಹುದು ಅನ್ನುತ್ತೆ. ಅದಕ್ಕೆ ರಾಜ್ಯಪಾಲರ ಒಪ್ಪಿಗೆ ಬೇಕು. ಕೋರ್ಟಿನ ಗುಮಾಸ್ತ ಎಷ್ಟು ತಗೋಬೇಕು ಅನ್ನೋದು ಸಂವಿಧಾನದ ಮಟ್ಟದ ವಿಷಯ ಅಂತ ನನಗೂ ಈ ಲೇಖನ ಬರೆಯೋಕೆ ಕೂತಾಗಲೇ ಗೊತ್ತಾಗಿದ್ದು.

ಅದರ ಕೆಳಗೆ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ 1967, ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ 1968 ಇವೆ. ಕೋರ್ಟ್ ಫೀ ವಿಷಯಕ್ಕೆ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ ಇದೆ. ಅರ್ಜಿ ಹೇಗಿರಬೇಕು, ಯಾರು ಕೇಳಬಹುದು, ಶುಲ್ಕ ಹೇಗೆ ಕಟ್ಟಬೇಕು ಅನ್ನೋದೆಲ್ಲ ಇವುಗಳಲ್ಲೇ ಬರುತ್ತೆ. ಟೈಪ್‌ರೈಟರ್ ಕಾಲದಲ್ಲಿ ಪದ ಎಣಿಸಿ ಶುಲ್ಕ ಹಾಕ್ತಿದ್ರು, ಝೆರಾಕ್ಸ್ ಬಂದ ಮೇಲೆ ಪುಟದ ಲೆಕ್ಕ ಬಂತು. ಎಷ್ಟೇ ದೊಡ್ಡ ತೀರ್ಪಾದರೂ ಲೆಕ್ಕ ಇಷ್ಟೇ: ಅರ್ಜಿಗೆ ಕೋರ್ಟ್ ಫೀ, ಪುಟಕ್ಕೆ ಇಷ್ಟು ಅಂತ ನಕಲಿನ ಶುಲ್ಕ. ನಿಮ್ಮ ತೀರ್ಪು 12 ಪುಟ ಇದ್ದರೆ 12 ಪುಟದ ದುಡ್ಡು. ಕೇಸು ಒಂದು ಎಕರೆಯದ್ದೋ ಹತ್ತು ಎಕರೆಯದ್ದೋ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಯಾರು ಕೇಳಬಹುದು? ಕೇಸಲ್ಲಿ ಪಾರ್ಟಿ ಆಗಿರೋರು ಸಲೀಸಾಗಿ ಅರ್ಜಿ ಹಾಕಬಹುದು, ವಕೀಲರ ಮೂಲಕವೇ ಹಾಕಬೇಕು ಅಂತೇನಿಲ್ಲ. ಪಕ್ಕದ ಜಮೀನಿನವರ ಕೇಸಿನ ಕಾಗದ ಬೇಕು ಅಂದರೆ ಯಾಕೆ ಬೇಕು ಅಂತ ಕಾರಣ ತೋರಿಸಿ ಕೋರ್ಟಿನ ಒಪ್ಪಿಗೆ ಪಡೀಬೇಕು.

ಮೂರು ಥರದ ದುಡ್ಡು

ಜನ ಗೊಂದಲ ಮಾಡಿಕೊಳ್ಳೋದು ಇಲ್ಲೇ. ‘ಕಾಪಿಗೆ ಸಾವಿರ ಆಯ್ತು’ ಅಂತ ಯಾರಾದರೂ ಹೇಳಿದರೆ ಅದರಲ್ಲಿ ಮೂರು ಥರದ ದುಡ್ಡು ಕಲಸಿಹೋಗಿರುತ್ತೆ.

ಒಂದು, ಸರ್ಕಾರಕ್ಕೆ ಹೋಗೋದು. ಇದಕ್ಕೆ ಗುರುತು ಇದ್ದೇ ಇರುತ್ತೆ. ಸ್ಟಾಂಪ್, ಚಲನ್, ರಸೀದಿ, ಇಲ್ಲಾ ನಕಲಿನ ಮೇಲೆ ಬರೆದ ಮೊತ್ತ, ಹೀಗೆ ಏನಾದರೂ ಒಂದು. ಗುರುತು ಇಲ್ಲ ಅಂದರೆ ಆ ದುಡ್ಡು ಸರ್ಕಾರಕ್ಕೆ ಹೋಗಿಲ್ಲ, ಅಷ್ಟೇ.

ಎರಡು, ವಕೀಲರ ಗುಮಾಸ್ತರ ಓಡಾಟದ ಖರ್ಚು. ಇವರು ಕೋರ್ಟ್ ನೌಕರರಲ್ಲ, ವಕೀಲರ ಹತ್ತಿರ ಕೆಲಸ ಮಾಡೋರು. ನಿಮ್ಮ ಬದಲಿಗೆ ಅರ್ಜಿ ಬರೆದು, ಸ್ಟಾಂಪ್ ಹಚ್ಚಿ, ಎರಡು ಮೂರು ಸಲ ಓಡಾಡಿ ತಂದುಕೊಡ್ತಾರೆ. ಅದಕ್ಕೆ ಕೂಲಿ ಕೇಳೋದು ತಪ್ಪಲ್ಲ. ಕೆ.ಆರ್.ಪೇಟೆ ಕಡೆಯ ಹಳ್ಳಿಯಿಂದ ಕೂಲಿ ಬಿಟ್ಟು ಎರಡು ದಿನ ಬಂದು ಹೋಗೋದಕ್ಕಿಂತ ಗುಮಾಸ್ತರಿಗೆ ಕೊಡೋದೇ ಕಮ್ಮಿ ಬೀಳಬಹುದು. ಆದರೆ ಇದು ನಿಮ್ಮ ಅವರ ನಡುವಿನ ಮಾತು, ಇದಕ್ಕೆ ಸರ್ಕಾರಿ ದರ ಇಲ್ಲ. ಹಾಗಾಗಿ ಮೊದಲೇ ಕೇಳಿ: ‘ಇದರಲ್ಲಿ ಕೋರ್ಟಿಗೆಷ್ಟು, ನಿಮಗೆಷ್ಟು?’ ಕೇಳೋಕೆ ಮುಜುಗರ ಬೇಡ. ಅಂಗಡಿ ಇಟ್ಟಿರೋರಿಗಂತೂ ಇದನ್ನ ಹೇಳಿಕೊಡಬೇಕಾಗಿಲ್ಲ, ಲಾರಿ ಬಾಡಿಗೆ ಬೇರೆ, ಮಾಲಿನ ಬಿಲ್ಲು ಬೇರೆ.

ಮೂರನೆಯದು, ಯಾವ ಕಾಗದದಲ್ಲೂ ಬರದೇ ಇರೋದು. ಟೀ ಕಾಸು, ಮಾಮೂಲು, ಕೈ ಬೆಚ್ಚಗೆ ಮಾಡೋದು, ಹೆಸರು ಏನಾದರೂ ಇರಲಿ. ಕೋರ್ಟ್ ನೌಕರ ಕೇಳಿದರೆ ಅದು ಲಂಚ. ಭ್ರಷ್ಟಾಚಾರ ತಡೆ ಕಾಯ್ದೆ 1988ರ 7ನೇ ಸೆಕ್ಷನ್ ಅಡಿ ಅಪರಾಧ. 2018ರ ತಿದ್ದುಪಡಿ ಆದ ಮೇಲೆ ಕೊಡೋದೂ ಅಪರಾಧವೇ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಕೊಟ್ಟವನಿಗೆ ರಕ್ಷಣೆ ಇದೆ. ‘ಎಲ್ರೂ ಕೊಡ್ತಾರೆ ಬಿಡು’ ಅನ್ನೋರು ಈ 7 ದಿನದ ಲೆಕ್ಕ ಗೊತ್ತಿಟ್ಟುಕೊಂಡಿರಲಿ.

ಎಲ್ಲ ಕೋರ್ಟ್ ನೌಕರರೂ ಹೀಗೇ ಅಂತ ಹೇಳ್ತಿಲ್ಲ. ಝೆರಾಕ್ಸ್ ಅಂಗಡಿಯಲ್ಲಿದ್ದಾಗ ಒಂದು ರೂಪಾಯಿ ಮುಟ್ಟದೆ, ಊಟದ ಹೊತ್ತಲ್ಲೂ ಕೂತು ನಕಲು ಮುಗಿಸಿ ಕೊಡ್ತಿದ್ದವರನ್ನೂ ನೋಡಿದ್ದೀನಿ. ಒಳಗಿನವರ ಹೆಸರು ಹೇಳಿ ಹೊರಗಿನವನು ಕಾಸು ಮಾಡೋದೂ ಇದೆ. ದರ ಗೊತ್ತಿಲ್ಲದಿದ್ದರೆ ಪ್ರಾಮಾಣಿಕ ನೌಕರನಿಗೂ ಕೆಟ್ಟ ಹೆಸರು ಬರುತ್ತೆ.

ದುಡ್ಡಿಗಿಂತ ದಿನ ದುಬಾರಿ

ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಸಿವಿಲ್ ಕೇಸಲ್ಲಿ ಹೈಕೋರ್ಟಿಗೆ ಅಪೀಲು ಹೋಗೋಕೆ 90 ದಿನ, ಬೇರೆ ಕೋರ್ಟಿಗೆ 30 ದಿನ. ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ ಹೋಗೋಕೂ 30 ದಿನ. ಇದು 1963ರ ಕಾಲಮಿತಿ ಕಾಯ್ದೆ.

ಅದೇ ಕಾಯ್ದೆಯ 12ನೇ ಸೆಕ್ಷನ್ ಒಂದು ಅನುಕೂಲ ಕೊಟ್ಟಿದೆ. ನಕಲು ಪಡೆಯೋಕೆ ಬೇಕಾದ ದಿನಗಳನ್ನ ಈ ಗಡುವಿನಿಂದ ಕಳೀಬಹುದು. ಉದಾಹರಣೆಗೆ ಜೂನ್ 3ಕ್ಕೆ ತೀರ್ಪಾಯ್ತು ಅಂದ್ಕೊಳ್ಳಿ. ತೀರ್ಪಿನ ದಿನ ಲೆಕ್ಕಕ್ಕಿಲ್ಲ, 30 ದಿನ ಅಂದರೆ ಜುಲೈ 3. ನೀವು ಜೂನ್ 8ಕ್ಕೆ ನಕಲಿಗೆ ಅರ್ಜಿ ಹಾಕಿದ್ರಿ, ಜೂನ್ 20ಕ್ಕೆ ರೆಡಿಯಾಯ್ತು. ಅರ್ಜಿ ಹಾಕಿದ ದಿನ, ರೆಡಿಯಾದ ದಿನ ಎರಡೂ ಸೇರಿ 13 ದಿನ. ಹಾಗಾಗಿ ನಿಮ್ಮ ಕೊನೇ ದಿನ ಜುಲೈ 16. ಆ ದಿನ ಕೋರ್ಟಿಗೆ ರಜಾ ಇದ್ದರೆ ಕೋರ್ಟ್ ತೆರೆದ ದಿನ ಹಾಕಬಹುದು.

ಆದರೆ ಮೂರು ಕಡೆ ಜನ ಜಾರಿ ಬೀಳ್ತಾರೆ. ಗಡುವು ಮುಗಿದ ಮೇಲೆ, ಅಂದರೆ ಜುಲೈ 5ಕ್ಕೆ ಅರ್ಜಿ ಹಾಕಿದರೆ ಈ ಅನುಕೂಲ ಸಿಗಲ್ಲ. ‘ಡಿಕ್ರಿ ಇನ್ನೂ ಬರೆದಿಲ್ವಂತೆ, ಬರೆದ ಮೇಲೆ ಅರ್ಜಿ ಹಾಕಣ’ ಅಂತ ಕಾದರೆ ಆ ದಿನಗಳೂ ನಿಮ್ಮ ಲೆಕ್ಕಕ್ಕೇ ಬೀಳುತ್ತೆ, ಕಾಯ್ದೆಯಲ್ಲೇ ಅದನ್ನ ಬಿಡಿಸಿ ಹೇಳಿದ್ದಾರೆ. ಮೂರನೆಯದು ನಮ್ಮ ಅಜ್ಜನ ಕೇಸು: ನಕಲು ಜೂನ್ 20ಕ್ಕೇ ರೆಡಿಯಿದ್ದು ನೀವು ಆಗಸ್ಟ್‌ನಲ್ಲಿ ಹೋಗಿ ತಂದರೆ ಆ ಮಧ್ಯದ ದಿನಗಳು ಕಳೆಯೋಕೆ ಬರಲ್ಲ. ‘ಇಷ್ಟು ಶುಲ್ಕ ಕಟ್ಟಿ’ ಅಂತ ಕರೆದಾಗ ಒಂದು ವಾರ ತಡವಾಗಿ ಕಟ್ಟಿದರೆ ಆ ವಾರವೂ ನಿಮ್ಮದೇ.

ಹಾಗಾಗಿ ನಕಲು ಕೈಗೆ ಬಂದ ತಕ್ಷಣ ಮೊದಲು ತೀರ್ಪು ಓದಬೇಡಿ, ಹಿಂದಿನ ಪುಟ ತಿರುಗಿಸಿ. ಅರ್ಜಿ ಕೊಟ್ಟ ದಿನ, ಶುಲ್ಕಕ್ಕೆ ಕರೆದ ದಿನ, ಕಟ್ಟಿದ ದಿನ, ರೆಡಿಯಾದ ದಿನ, ಕೊಟ್ಟ ದಿನ, ಎಲ್ಲವೂ ಅಲ್ಲಿರುತ್ತೆ. ಆ ತಾರೀಖು ತಪ್ಪಾಗಿದ್ದರೆ ಅಲ್ಲೇ ನಿಂತು ಸರಿ ಮಾಡಿಸಿ. ಮನೆಗೆ ಹೋದ ಮೇಲೆ ಅದೇ ಸತ್ಯ.

ಗಡುವು ಮೀರಿದರೆ ಎಲ್ಲಾ ಮುಗೀತಾ? ಇಲ್ಲ. 5ನೇ ಸೆಕ್ಷನ್ ಅಡಿ ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬಹುದು. ಒಪ್ಪೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು. ‘ಇನ್ನೂ ರೆಡಿಯಾಗಿಲ್ಲ ಅಂತ ಯಾರೋ ಹೇಳಿದ್ರು’ ಅನ್ನೋ ಕಾರಣಕ್ಕೆ ಎಷ್ಟು ತೂಕ ಬರುತ್ತೆ ಅಂತ ನೀವೇ ಯೋಚನೆ ಮಾಡಿ. ಸಕಾಲದ ಥರ ‘ಇಷ್ಟು ದಿನಕ್ಕೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ’ ಅನ್ನೋದು ಕೋರ್ಟ್ ನಕಲಿಗೆ ಇಲ್ಲ.

ಪುಕ್ಕಟೆ ಸಿಗಬೇಕಾದದ್ದಕ್ಕೂ ದುಡ್ಡು ಕೊಡ್ತಿದ್ದೀರಾ?

ಕೆಲವು ನಕಲಿಗೆ ಕಾನೂನೇ ಶುಲ್ಕ ಬೇಡ ಅಂದಿದೆ. ಪೊಲೀಸ್ ಸ್ಟೇಷನ್‌ನಲ್ಲಿ ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 173ನೇ ಸೆಕ್ಷನ್. ಆರೋಪಿಗೆ ಚಾರ್ಜ್‌ಶೀಟ್ ಮತ್ತು ಅದರ ಜೊತೆಗಿನ ಕಾಗದಗಳನ್ನ ಕೋರ್ಟಿಗೆ ಹಾಜರಾದ 14 ದಿನದೊಳಗೆ ಪುಕ್ಕಟೆ ಕೊಡಬೇಕು, ನೊಂದವರ ಕಡೆ ವಕೀಲರಿದ್ದರೆ ಅವರಿಗೂ. ಅದು 230ನೇ ಸೆಕ್ಷನ್. ಜೈಲು ಶಿಕ್ಷೆ ಆದವರಿಗೆ ತೀರ್ಪು ಹೇಳಿದ ತಕ್ಷಣ ತೀರ್ಪಿನ ಪ್ರತಿ ಪುಕ್ಕಟೆ, ಇದು 404ನೇ ಸೆಕ್ಷನ್. ಚೆಕ್ ಬೌನ್ಸ್ ಕೇಸಲ್ಲಿ ಶಿಕ್ಷೆಯಾದ ವ್ಯಾಪಾರಿಗೂ ಇದು ಅನ್ವಯ. ಎದುರು ಪಾರ್ಟಿ, ಅಂದರೆ ದುಡ್ಡು ಬರಬೇಕಾದವರು ನಕಲು ಬೇಕೆಂದರೆ ನಿಗದಿ ಶುಲ್ಕ ಕಟ್ಟಬೇಕು.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರ ಕೇಸಲ್ಲಿ ಮ್ಯಾಜಿಸ್ಟ್ರೇಟ್ ಆದೇಶದ ಪ್ರತಿಯನ್ನ ಎರಡೂ ಕಡೆಯವರಿಗೆ ಪುಕ್ಕಟೆ ಕೊಡಬೇಕು ಅಂತ 24ನೇ ಸೆಕ್ಷನ್ ಹೇಳುತ್ತೆ. ಹೆಂಡತಿ, ಮಕ್ಕಳಿಗೆ ಜೀವನಾಂಶದ ಆದೇಶ ಆಗಿದ್ದರೂ ಅಷ್ಟೇ. ತವರಿಗೆ ಬಂದು ಕೂತಿರೋ ಹೆಣ್ಣುಮಗಳು ಆ ಒಂದು ಕಾಗದಕ್ಕೆ ಅಣ್ಣನ ಹತ್ತಿರ ಕೈ ಚಾಚೋ ಪರಿಸ್ಥಿತಿ ಬರಬಾರದು ಅಂತಲೇ ಈ ನಿಯಮ ಇರೋದು. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅವಾರ್ಡ್ ಪ್ರತಿಯೂ ಎರಡೂ ಕಡೆಗೆ ಪುಕ್ಕಟೆ.

ಇನ್ನು ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಮಕ್ಕಳು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರೋರು ಇವರಿಗೆಲ್ಲ ಆದಾಯ ಎಷ್ಟು ಅಂತ ನೋಡದೆ ಉಚಿತ ನೆರವು ಕೊಡಬೇಕು. ಉಳಿದವರಿಗೆ ಆದಾಯದ ಮಿತಿ ಇದೆ. ಉಚಿತ ನೆರವು ಅಂದರೆ ವಕೀಲರು ಮಾತ್ರ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಕೋರ್ಟ್ ಫೀ, ಆದೇಶಗಳ ದೃಢೀಕೃತ ನಕಲು ತೆಗೆಸಿಕೊಡೋದೂ ಅದರಲ್ಲೇ ಸೇರುತ್ತೆ. ಸಮಿತಿ ಇರೋದು ತಾಲ್ಲೂಕಿನ ಕೋರ್ಟ್ ಆವರಣದಲ್ಲೇ. ಸಹಾಯವಾಣಿ 15100.

ಆರ್‌ಟಿಐ ಹಾಕಿದರೆ ಎರಡೇ ರೂಪಾಯಿ ಅಲ್ವಾ?

ಈ ಪ್ರಶ್ನೆ ಕೇಳೋರು ಜಾಸ್ತಿ. ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿಗೆ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. ಕೋರ್ಟ್ ಕೇಸಿನ ಕಾಗದವನ್ನೂ ಹೀಗೇ ತಗೋಬಹುದಲ್ಲ ಅನ್ನೋ ಜಗಳ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಕೋರ್ಟಿನ ದಾಖಲೆ ಬೇಕಾದವರು ಕೋರ್ಟಿನ ನಿಯಮದ ಪ್ರಕಾರವೇ ನಕಲು ಪಡೀಬೇಕು ಅಂತ ಕರ್ನಾಟಕ ಹೈಕೋರ್ಟ್ ಹೇಳಿತ್ತು. ಅದರ ವಿರುದ್ಧ ಮಾಹಿತಿ ಆಯೋಗವೇ ದೆಹಲಿಗೆ ಹೋಯ್ತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿ ವಜಾ ಮಾಡಿದ್ದೂ ಅಲ್ಲದೆ ಸಾರ್ವಜನಿಕರ ದುಡ್ಡು ದಂಡ ಮಾಡಿದ್ದಕ್ಕೆ ಒಂದು ಲಕ್ಷ ರೂಪಾಯಿ ವೆಚ್ಚ ಹಾಕ್ತು. ಆಮೇಲೆ 2020ರ ಮಾರ್ಚ್ 4ಕ್ಕೆ ಗುಜರಾತ್ ಹೈಕೋರ್ಟಿನ ಕೇಸಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಗಟ್ಟಿ ಮಾಡಿತು. ನಮ್ಮ ಕೊಡಗಿನವರಾದ ಎ.ಎಸ್. ಬೋಪಣ್ಣ ಆ ಪೀಠದಲ್ಲಿದ್ದರು.

ಹಾಗಂತ ಆರ್‌ಟಿಐ ಕೋರ್ಟ್ ಬಾಗಿಲಿಗೇ ಬರೋದಿಲ್ಲ ಅಂತಲ್ಲ. ಕೇಸಿನ ಕಾಗದಕ್ಕೆ ಕೋರ್ಟ್ ನಿಯಮ, ಆಡಳಿತದ ವಿಷಯಕ್ಕೆ ಆರ್‌ಟಿಐ. ‘ನಕಲಿನ ಈಗಿನ ದರ ಪಟ್ಟಿ ಕೊಡಿ’ ಅಂತ ಕೇಳೋದು ಆಡಳಿತದ ವಿಷಯ. ಕೇಳದೇ ಇದ್ದರೂ ತಾವಾಗೇ ಪ್ರಕಟಿಸಬೇಕಾದ ಮಾಹಿತಿಯ ಪಟ್ಟಿ ಆರ್‌ಟಿಐ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು ಅನ್ನೋದು ಮಾತ್ರ ನೆನಪಿರಲಿ.

ಪಾಂಡವಪುರದ ಎ.ಸಿ. ಕೋರ್ಟ್ ಬೇರೆ ಲೆಕ್ಕ

ನಮ್ಮ ನಾಲ್ಕು ತಾಲ್ಲೂಕಿಗೂ ಸೇರಿ ಇರೋದು ಒಂದೇ ಕಂದಾಯ ಉಪವಿಭಾಗ, ಅದರ ಕಚೇರಿ ಪಾಂಡವಪುರದಲ್ಲಿದೆ. ತಹಶೀಲ್ದಾರ್ ಕಚೇರಿಯಲ್ಲಿ ಆದ ಮ್ಯುಟೇಷನ್ ಒಪ್ಪಿಗೆಯಾಗದಿದ್ದರೆ ಭೂ ಕಂದಾಯ ಕಾಯ್ದೆಯ 136(2)ರ ಅಡಿ ಅಪೀಲು ಬರೋದು ಇಲ್ಲಿನ ಉಪವಿಭಾಗಾಧಿಕಾರಿಗಳ ಮುಂದೆ. ಇಲ್ಲಿಂದ ಮುಂದಕ್ಕೆ ಮಂಡ್ಯದ ಡಿ.ಸಿ. ಹತ್ತಿರ. ಜನ ಇದನ್ನೂ ‘ಕೋರ್ಟ್’ ಅಂತಲೇ ಕರೀತಾರೆ. ಕಟಕಟೆ ಇದೆ, ವಕೀಲರಿದ್ದಾರೆ, ತಾರೀಖು ಕೊಡ್ತಾರೆ, ಕರೆಯೋದ್ರಲ್ಲಿ ತಪ್ಪೇನಿಲ್ಲ.

ಆದರೆ ಇದು ಸರ್ಕಾರದ ಕಚೇರಿ, ಹೈಕೋರ್ಟಿನ ನಕಲು ನಿಯಮ ಇಲ್ಲಿಗಿಲ್ಲ. ಆದೇಶದ ನಕಲಿಗೆ ಕಚೇರಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿ ಪಡೀಬಹುದು. ಇಲ್ಲಿ ಆರ್‌ಟಿಐ ದಾರಿಯೂ ತೆರೆದಿದೆ, ಯಾಕಂದರೆ ಮಾಹಿತಿ ಹಕ್ಕಿನ ವ್ಯಾಖ್ಯೆಯಲ್ಲೇ ದಾಖಲೆಯ ದೃಢೀಕೃತ ಪ್ರತಿ ಸೇರಿದೆ. ನಾಗಮಂಗಲದಿಂದಲೋ ಕೆ.ಆರ್.ಪೇಟೆಯಿಂದಲೋ ಬಸ್ ಹತ್ತಿ ಬಂದು ‘ಸಾಹೇಬ್ರು ಸೈಟಿಗೆ ಹೋಗಿದ್ದಾರೆ’ ಅನ್ನಿಸಿಕೊಂಡು ವಾಪಸ್ ಹೋಗೋದಕ್ಕಿಂತ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲಿ ಕಳಿಸೋದು ಸುಲಭ. 30 ದಿನದೊಳಗೆ ಕೊಡಬೇಕು, ಆ ಗಡುವು ಮೀರಿದರೆ ಪುಟದ ಶುಲ್ಕವನ್ನೂ ಕೇಳೋ ಹಾಗಿಲ್ಲ. ಆದರೆ ಡಿ.ಸಿ. ಹತ್ತಿರ ಹೋಗೋ ಗಡುವು ಹತ್ತಿರ ಇದ್ದರೆ 30 ದಿನ ಕಾಯಬೇಡಿ, ನೇರವಾಗಿ ನಕಲಿಗೇ ಅರ್ಜಿ ಹಾಕಿ.

ಪಹಣಿ ಮಾಡಿ ತೋರಿಸಿದ್ದು

ದರ ನಿಗದಿ ಮಾಡಿ, ಅದನ್ನ ಜನರಿಗೆ ಗೊತ್ತಾಗೋ ಹಾಗೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. ‘ಭೂಮಿ’ ಬರೋಕೆ ಮುಂಚೆ ಪಹಣಿ ಬೇಕು ಅಂದರೆ ಗ್ರಾಮ ಲೆಕ್ಕಿಗರನ್ನ ಹುಡುಕಿಕೊಂಡು ಹೋಗಬೇಕಿತ್ತು. ಕೈಯಲ್ಲಿ ಬರೆದು ಕೊಡೋರು. ಅವರು ಸಿಕ್ಕಿದ ದಿನ ನಮ್ಮ ಅದೃಷ್ಟ, ಕೇಳಿದ್ದು ರೇಟು. 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರಿಂಟ್ ಕೊಡೋಕೆ ಶುರು ಮಾಡಿದರು. ಯಾರ ಪಹಣಿ ಯಾರು ಬೇಕಾದರೂ ತಗೋಬಹುದು. ಪಹಣಿ ಕೊಡೋ ಹಂತದ ಲಂಚ ಅಲ್ಲಿಗೆ ಬಹುಮಟ್ಟಿಗೆ ನಿಂತುಹೋಯ್ತು. ಮ್ಯುಟೇಷನ್ ಮಾಡೋ ಹಂತದ್ದು ನಿಲ್ಲಲಿಲ್ಲ, ಅದು ಬೇರೆ ಕಥೆ. ಯಾಕಂದರೆ ಅಲ್ಲಿ ಇನ್ನೂ ಒಬ್ಬ ಮನುಷ್ಯನ ಸಹಿಗೆ ಕಾಯಬೇಕು.

ಅಮೆರಿಕದ ಪದ್ಧತಿ ಇನ್ನೊಂದು ಥರ. ಅಲ್ಲಿ ಸಾಕ್ಷಿ ಹೇಳಿದ್ದನ್ನ ಟೈಪ್ ಮಾಡೋ ‘ಕೋರ್ಟ್ ರಿಪೋರ್ಟರ್’ ಆ ಪ್ರತಿಯನ್ನ ಪುಟಕ್ಕಿಷ್ಟು ಅಂತ ತಾನೇ ಮಾರಬಹುದು. ಫೆಡರಲ್ ಕೋರ್ಟುಗಳಲ್ಲಿ ಎಷ್ಟು ತಗೋಬೇಕು ಅನ್ನೋದನ್ನ ಕಾನೂನಿನ ಪ್ರಕಾರ ಕೋರ್ಟೇ ಗೊತ್ತುಮಾಡುತ್ತೆ. ಅಲ್ಲಿ ಆನ್‌ಲೈನಲ್ಲಿ ಕೇಸಿನ ಕಾಗದ ನೋಡೋಕೂ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ನಮ್ಮ ಇ-ಕೋರ್ಟ್ಸ್‌ನಲ್ಲಿ ಅದು ಪುಕ್ಕಟೆ. ನಮ್ಮ ಸ್ಟೆನೋ, ಬೆರಳಚ್ಚುಗಾರರು ಸಂಬಳ ತಗೊಳ್ಳೋ ಸರ್ಕಾರಿ ನೌಕರರು. ನಕಲಿನ ಶುಲ್ಕ ಅವರ ಸಂಪಾದನೆ ಅಲ್ಲ, ಖಜಾನೆಯದ್ದು. ಅಂದರೆ ‘ಟೈಪ್ ಮಾಡಿದ್ದಕ್ಕೆ’ ಅಂತ ಕೈಗೆ ದುಡ್ಡು ಕೇಳೋ ಹಕ್ಕು ಅಮೆರಿಕದವನಿಗೆ ಇರಬಹುದು, ಇಲ್ಲಿ ಯಾರಿಗೂ ಇಲ್ಲ.

ಯಾರಿಗೆ ಹೇಳೋದು?

ನಕಲಿಗೆ ಜಾಸ್ತಿ ಕೇಳಿದರೆ ಅಥವಾ ರೆಡಿಯಿದ್ದೂ ಸತಾಯಿಸಿದರೆ ಮೊದಲು ಅದೇ ಕೋರ್ಟಿನ ಶಿರಸ್ತೇದಾರರಿಗೆ ಹೇಳಿ. ಅಲ್ಲಿ ಆಗದಿದ್ದರೆ ಆ ಕೋರ್ಟಿನ ನ್ಯಾಯಾಧೀಶರಿಗೆ ಬರವಣಿಗೆಯಲ್ಲಿ ಕೊಡಿ, ಅದಕ್ಕೂ ಮೇಲೆ ಮಂಡ್ಯದ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಿದ್ದಾರೆ. ಬೆಂಗಳೂರಿನ ಹೈಕೋರ್ಟಲ್ಲಿ ಇದಕ್ಕೆಂದೇ ವಿಚಕ್ಷಣಾ ರಿಜಿಸ್ಟ್ರಾರ್ ಹುದ್ದೆ ಇದೆ. ಲಂಚದ ದೂರು ಲೋಕಾಯುಕ್ತ ಪೊಲೀಸರಿಗೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನ ರದ್ದು ಮಾಡಿದ ಮೇಲೆ ಈ ಅಧಿಕಾರ ಲೋಕಾಯುಕ್ತಕ್ಕೇ ವಾಪಸ್ ಬಂದಿದೆ. ದೂರಲ್ಲಿ ಕೇಸ್ ನಂಬರ್, ನಕಲು ಅರ್ಜಿಯ ನಂಬರ್, ತಾರೀಖು ಇದ್ದರೆ ಮಾತ್ರ ಅದಕ್ಕೆ ಬೆಲೆ. ಅದಕ್ಕೇ ಅರ್ಜಿ ಕೊಟ್ಟ ದಿನವೇ ನಂಬರ್ ಬರೆಸಿಕೊಳ್ಳಿ. ಆಗದಿದ್ದರೆ ಮೊಬೈಲಲ್ಲಿ ಅರ್ಜಿಯ ಒಂದು ಫೋಟೊ ಸಾಕು, ತೆಗೆಯೋದು ಕೋರ್ಟ್ ಹಾಲಿನ ಹೊರಗೆ.

ನಮ್ಮದೊಂದು ಕೋರಿಕೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಇಷ್ಟರಲ್ಲಿ ಯಾವ ಕೋರ್ಟಿಗಾದರೂ ಈ ವಾರ ಹೋಗೋರು ನಕಲು ವಿಭಾಗದ ಹತ್ತಿರ ದರ ಪಟ್ಟಿ ಹಾಕಿದ್ದಾರಾ ನೋಡಿ. ಹಾಕಿದ್ದರೆ ಎಷ್ಟಿದೆ ಅಂತ ಬರೆದುಕೊಂಡು ನಮಗೆ ಕಳಿಸಿ, ತಾಲ್ಲೂಕುವಾರು ಹಾಕ್ತೀವಿ. ಹಾಕಿಲ್ಲದಿದ್ದರೆ ಅದನ್ನೂ ತಿಳಿಸಿ, ಆರ್‌ಟಿಐ ಅರ್ಜಿ ನಾವೇ ಹಾಕ್ತೀವಿ.